ಹೊಸ ನೆಬ್ಯುಲೈಸರ್ ತಂದಿರಾ? ಮೊದಲು ತೊಳೆಯಿರಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಮಳೆ ಹಿಡಿದರೆ ನಮ್ಮ ಕರಾವಳಿಯಲ್ಲಿ ಉಬ್ಬಸದ ಪ್ರಶ್ನೆಗಳೂ ಹಿಡಿಯುತ್ತವೆ. ಈ ಸಲ ಮದ್ದಿನ ಬಗ್ಗೆ ಕೇಳಿದವರು ಕಡಿಮೆ, ಮದ್ದನ್ನು ಮಂಜು ಮಾಡಿ ಉಸಿರಿಗೆ ಕೊಡುವ ಯಂತ್ರದ, ಅಂದರೆ ನೆಬ್ಯುಲೈಸರ್ ಬಗ್ಗೆ ಕೇಳಿದವರು ಜಾಸ್ತಿ. ರೆಸ್ಪಿರೇಟರಿ ಥೆರಪಿಸ್ಟ್ ಆಗಿ ನನಗೆ ಇದು ಖುಷಿಯ ಸಂಗತಿ. ಯಾಕೆಂದರೆ ನಾನು ದಿನಾ ನೋಡುವುದು ಇದನ್ನೇ: ಮದ್ದು ಒಳ್ಳೆಯದು, ಅದನ್ನು ಹಾಕುವ ಕಪ್ ಕೊಳಕು.

ಪ್ರಶ್ನೆ: ಅಮ್ಮನಿಗೆ 67 ವರ್ಷ. ಅಸ್ತಮಾ ಇದೆ, ಶುಗರ್ ಕೂಡ ಇದೆ. ಡಾಕ್ಟರು ಹೇಳಿದರು ಎಂದು ನೆಬ್ಯುಲೈಸರ್ ತಂದೆವು. ಅಮ್ಮ ಪ್ಲಾಸ್ಟಿಕ್ ವಾಸನೆ ಎಂದು ಮಾಸ್ಕನ್ನೇ ಕಿತ್ತು ಹಾಕುತ್ತಾರೆ. ಹೊಸತನ್ನು ಬಳಸುವ ಮೊದಲು ಏನಾದರೂ ಮಾಡಬೇಕಿತ್ತಾ? ಪ್ರತಿ ಸಲ ತೊಳೆಯಬೇಕಾ? ನಮ್ಮದು ಬಾವಿ ನೀರು, ಅದರಲ್ಲೇ ತೊಳೆದರೆ ಆಗುತ್ತಾ? (ಕಲ್ಯಾಣಪುರದ ಓದುಗರು)

ಉತ್ತರ: ಹೊಸ ಕಾವಲಿಯನ್ನು ಪಳಗಿಸದೆ ನೀರುದೋಸೆ ಹೊಯ್ದರೆ ದೋಸೆ ಏಳುತ್ತದಾ? ಇದೂ ಸ್ವಲ್ಪ ಹಾಗೆಯೇ. ಅಂಗಡಿಯ ಡಬ್ಬಿಯಿಂದ ತೆಗೆದ ಕಪ್ಪನ್ನು ನೇರ ಅಮ್ಮನ ಮುಖಕ್ಕೆ ಹಿಡಿಯಬೇಡಿ. ಕಪ್, ಅದರ ಮುಚ್ಚಳ, ಒಳಗಿನ ಸಣ್ಣ ತುಂಡು, ಮಾಸ್ಕ್ ಎಲ್ಲವನ್ನೂ ಬಿಡಿಸಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ತೊಳೆಯಿರಿ. ಚೆನ್ನಾಗಿ ಜಾಲಿಸಿ, ನೀರು ಕೊಡವಿ, ಗಾಳಿಗೆ ಒಣಗಲು ಬಿಡಿ. ಆಮೇಲೆ ಮೆಡಿಕಲ್‌ನಲ್ಲಿ ಸಿಗುವ ನಾರ್ಮಲ್ ಸಲೈನ್ 3 ಎಂಎಲ್ ಕಪ್ಪಿಗೆ ಹಾಕಿ, ಮಾಸ್ಕ್ ಯಾರ ಮುಖಕ್ಕೂ ಹಾಕದೆ, ಸುಮ್ನೆ ಮುಗಿಯುವವರೆಗೆ ಓಡಿಸಿ. ಮುಕ್ಕಾಲು ಪಾಲು ವಾಸನೆ ಅಲ್ಲಿಗೇ ಹೋಗುತ್ತದೆ. ಮಂಜು ಸರಿಯಾಗಿ ಬರುತ್ತದಾ, ಪೈಪ್ ಎಲ್ಲಾದರೂ ಸಡಿಲ ಉಂಟಾ ಎಂದೂ ಗೊತ್ತಾಗುತ್ತದೆ.

ಮಂಜು ಎಂದೆ. ನಮ್ಮಲ್ಲಿ ಎಲ್ಲರೂ ಇದನ್ನು ಹಬೆ ಎನ್ನುತ್ತಾರೆ. ಹಬೆ ಅಲ್ಲ ಮಾರಾಯ್ರೆ, ಇಲ್ಲಿ ಬಿಸಿಯೇ ಇಲ್ಲ. ಕಂಪ್ರೆಸರ್ ತಳ್ಳಿದ ಗಾಳಿ ಕಪ್ಪಿನ ತಳದ ಸೂಜಿಯಂಥ ತೂತಿನಿಂದ ಜೋರಾಗಿ ಹೊರಡುತ್ತದೆ. ಆ ರಭಸಕ್ಕೆ ಪಕ್ಕದ ಮದ್ದು ಮೇಲೆ ಎಳೆದುಕೊಂಡು ಬಂದು, ಒಳಗಿನ ಸಣ್ಣ ತುಂಡಿಗೆ ಬಡಿದು ಪುಡಿಯಾಗುತ್ತದೆ. ಅದರಲ್ಲಿ 1ರಿಂದ 5 ಮೈಕ್ರಾನ್ ಗಾತ್ರದ ಹನಿಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ದೊಡ್ಡವು ಬಾಯಿ, ಗಂಟಲಲ್ಲೇ ಉಳಿಯುತ್ತವೆ. ಆ ತೂತಿನಲ್ಲಿ ಮದ್ದು ಒಣಗಿ ಕಟ್ಟಿಕೊಂಡರೆ ಮಂಜು ಕಡಿಮೆಯಾಗುತ್ತದೆ, ಐದು ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಎಳೆಯುತ್ತದೆ. ಮಿಷನ್ ಹಾಳಾಯ್ತು ಎಂದು ಹೊತ್ತು ತರುವವರಲ್ಲಿ ಎಷ್ಟೋ ಜನರ ಮಿಷನ್‌ಗೆ ಏನೂ ಆಗಿರುವುದಿಲ್ಲ. ತೊಳೆಯದ ಕಪ್ ಅಷ್ಟೇ.

ಹಾಗಾಗಿ, ಹೌದು, ಪ್ರತಿ ಸಲ ತೊಳೆಯಬೇಕು. ಮದ್ದು ಮುಗಿದು ಕಪ್ ಪುಸುಪುಸು ಎಂದು ಸದ್ದು ಮಾಡಿದಾಗ ನಿಲ್ಲಿಸಿ. ತಳದಲ್ಲಿ 1 ಎಂಎಲ್‌ನಷ್ಟು ಉಳಿದೇ ಉಳಿಯುತ್ತದೆ, ಅದು ಕಪ್ಪಿನ ಗುಣ. ಅದನ್ನು ಚೆಲ್ಲಿ. ನಾಳೆಗೆ ಇರಲಿ ಎಂದು ಅದರ ಮೇಲೆಯೇ ಹೊಸ ಮದ್ದು ಹೊಯ್ಯಬೇಡಿ. ತೊಳೆಯುವಾಗ ತೆಂಗಿನ ನಾರು, ಸ್ಟೀಲ್ ಸ್ಕ್ರಬರ್ ಬೇಡ. ತೂತಿಗೆ ಪಿನ್ ಅಂತೂ ಹಾಕಲೇಬೇಡಿ. ತೂತು ಅಗಲವಾದರೆ ಹನಿಯ ಗಾತ್ರವೇ ಬದಲಾಗುತ್ತದೆ. ಪೈಪನ್ನು ತೊಳೆಯುವ ಕ್ರಮ ಇಲ್ಲ. ಅದರೊಳಗೆ ತೇವ ಕಂಡರೆ ಕಪ್ ಬಿಚ್ಚಿಟ್ಟು ಬರೀ ಪೈಪ್ ಸಿಕ್ಕಿಸಿ ಒಂದೆರಡು ನಿಮಿಷ ಮಿಷನ್ ಓಡಿಸಿ, ಗಾಳಿಯೇ ಒಣಗಿಸುತ್ತದೆ.

ಈಗ ಬಾವಿ ನೀರು. ಸೋಪು ಹಾಕಿ ತೊಳೆಯಲು ಧಾರಾಳ ಆಗುತ್ತದೆ. ಕೊನೆಗೆ ಜಾಲಿಸುವ ನೀರು ಮಾತ್ರ ಐದು ನಿಮಿಷ ಕುದಿಸಿ ಆರಿಸಿದ್ದಾಗಿರಲಿ. ನಮ್ಮ ಬಾವಿ ನೀರು ಕುಡಿಯಲು ಅಮೃತ ಎಂದು ನಾನೂ ಹೇಳುತ್ತೇನೆ, ನಮ್ಮ ಮನೆಯಲ್ಲೂ ಅದೇ. ಆದರೆ ಹೊಟ್ಟೆಗೆ ಹೋದದ್ದನ್ನು ನೋಡಿಕೊಳ್ಳಲು ಅಲ್ಲಿ ಆಮ್ಲ ಇದೆ. ಶ್ವಾಸಕೋಶದಲ್ಲಿ ಅದಿಲ್ಲ. ಕಪ್ಪಿನಲ್ಲಿ ಏನಿದೆಯೋ ಅದೆಲ್ಲ ಮಂಜಾಗಿ ನೇರ ಒಳಗೆ ಹೋಗುತ್ತದೆ, ಸೂಡೊಮೊನಾಸ್‌ನಂಥ ನೀರಿನ ಬ್ಯಾಕ್ಟೀರಿಯಾ ಕೂಡ. ಇನ್ನೊಂದು, ಮೆಲಿಯಾಯ್ಡೋಸಿಸ್ ಎಂಬ ಸೋಂಕು ಉಡುಪಿ, ದಕ್ಷಿಣ ಕನ್ನಡಕ್ಕೆ ಹೊಸತಲ್ಲ. ಮಣ್ಣು, ನೀರಿನಲ್ಲಿ ಇರುವ ಬ್ಯಾಕ್ಟೀರಿಯಾದಿಂದ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ, ಶುಗರ್ ಇದ್ದವರಿಗೆ ಅಪಾಯ ಹೆಚ್ಚು. ನೆಬ್ಯುಲೈಸರ್‌ನಿಂದಲೇ ಅದು ಬರುತ್ತದೆ ಎಂದು ಹೆದರಿಸುತ್ತಿಲ್ಲ. ಅಮ್ಮನಿಗೆ ಶುಗರ್ ಉಂಟು ಎಂದಿರಲ್ಲ, ಅದಕ್ಕೆ ನೀರು ಕುದಿಸಿ ಎಂದೆ.

ದಿನಕ್ಕೊಮ್ಮೆ ಸೋಂಕು ತೆಗೆಯುವ ಕೆಲಸವೂ ಆಗಬೇಕು. ಕುದಿಸಬಹುದಾದ ಕಪ್ ಎಂದು ಮಿಷನ್ ಜೊತೆಗಿನ ಪುಸ್ತಕದಲ್ಲಿ ಬರೆದಿದ್ದರೆ ಐದು ನಿಮಿಷ ಕುದಿಸಿ, ಅದು ಅತ್ಯಂತ ಸುಲಭ. ಎಲ್ಲ ಕಪ್ಪೂ ಕುದಿಸಲು ಆಗುವುದಿಲ್ಲ. ಕೆಲವು ಹಪ್ಪಳದ ಹಾಗೆ ಮುದುಡುತ್ತವೆ, ಮಾಸ್ಕ್ ಕೂಡ. ಕುದಿಸಲು ಆಗದಿದ್ದರೆ 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಐದು ನಿಮಿಷ, ಇಲ್ಲವೇ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಇದಕ್ಕೂ ಪುಸ್ತಕದ ಒಪ್ಪಿಗೆ ಬೇಕು. ಆಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ. ವಿನೆಗರ್ ಎಂದು ಕೆಲವರು ಹೇಳುತ್ತಾರೆ. ಬಿಳಿ ಕಲೆ ಹೋಗುತ್ತದೆ, ಸರಿ, ಆದರೆ ರೋಗಾಣುವಿಗೆ ಅದನ್ನು ನಾನು ನಂಬುವುದಿಲ್ಲ.

ನಿಜವಾದ ಕಷ್ಟ ಒಣಗಿಸುವುದು. ಆಟಿ ತಿಂಗಳಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಪ್ ಎಲ್ಲಿ? ಒಂದು ಮಳೆಗಾಲ ನಮ್ಮ ಮನೆಯಲ್ಲೇ ಹೀಗಾಯಿತು. ಊರಿಗೆಲ್ಲ ಪಾಠ ಹೇಳುವ ನಾನು, ತೊಳೆದ ಕಪ್ಪನ್ನು ಗಡಿಬಿಡಿಯಲ್ಲಿ ಹಾಗೇ ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೆ. ವಾರ ಕಳೆದು ತೆಗೆದರೆ ಮುಚ್ಚಳದ ಒಳಗೆ ಕಪ್ಪು ಚುಕ್ಕೆಗಳು. ಬೂಸ್ಟು. ಎಸೆದು ಹೊಸತು ತಂದೆ. ಈಗ ಏನು ಮಾಡುತ್ತೇನೆಂದರೆ, ನೀರು ಕೊಡವಿ, ಕಪ್ಪನ್ನು ಪೈಪಿಗೆ ಸಿಕ್ಕಿಸಿ ಅರ್ಧ ನಿಮಿಷ ಬರೀ ಗಾಳಿ ಓಡಿಸುತ್ತೇನೆ. ಆಮೇಲೆ ಬಿಡಿಸಿ, ಒಗೆದ ಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಹರಡುತ್ತೇನೆ. ಸಿಂಕಿನ ಪಕ್ಕ ಬೇಡ, ಬಚ್ಚಲು ಬೇಡವೇ ಬೇಡ. ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ. ಎರಡು ಕಪ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಆಗುತ್ತದೆ.

ಮಿಷನ್‌ನ ಗಾಳಿ ಒಳಹೋಗುವಲ್ಲಿ ನಾಣ್ಯದಷ್ಟು ಸ್ಪಂಜಿನ ಫಿಲ್ಟರ್ ಇರುತ್ತದೆ, ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿಲ್ಲ. ಬೂದು ಬಣ್ಣಕ್ಕೆ ತಿರುಗಿದರೆ ಬದಲಿಸಿ, ತೊಳೆದು ಮತ್ತೆ ಹಾಕಬೇಡಿ. ಅಮ್ಮನಿಗೆ ಬುಡೆಸೊನೈಡ್ ಕೊಡುತ್ತಿದ್ದರೆ, ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ, ಮುಖವನ್ನೂ ಒರೆಸಿ. ಅದು ಸ್ಟಿರಾಯ್ಡ್, ಬಾಯಿಯಲ್ಲಿ ಉಳಿದರೆ ಬಿಳಿ ಅಗ್ರ (ಬೂಸ್ಟಿನ ಜಾತಿಯ ಸೋಂಕು) ಬರಬಹುದು. ಮಾಸ್ಕ್ ಉಸಿರು ಕಟ್ಟಿದ ಹಾಗಾಗುತ್ತದೆ ಎಂದರೆ ಬಾಯಲ್ಲಿ ಹಿಡಿಯುವ ಮೌತ್‌ಪೀಸ್ ಕೊಟ್ಟು ನೋಡಿ. ಎಷ್ಟೋ ಅಮ್ಮಂದಿರ ಜಗಳ ಅದರಿಂದಲೇ ನಿಂತಿದೆ.

ಪ್ರಶ್ನೆ: ಮಗುವಿಗೆ ಕಫ. ನೆಬ್ಯುಲೈಸರ್‌ಗೆ ಎರಡು ಹನಿ ನೀಲಗಿರಿ ಎಣ್ಣೆ, ಸ್ವಲ್ಪ ದೊಡ್ಡಪತ್ರೆ ರಸ ಹಾಕು ಎಂದು ಅತ್ತೆ ಹೇಳುತ್ತಾರೆ. ಉಪ್ಪು ನೀರಾದರೂ ಹಾಕಬಹುದಾ? (ಸುರತ್ಕಲ್ ಓದುಗರು)

ಉತ್ತರ: ಬೇಡ. ಅತ್ತೆಯವರ ಮದ್ದನ್ನು ನಾನು ಹಳಿಯುತ್ತಿಲ್ಲ, ಜಾಗ ತಪ್ಪು ಅಷ್ಟೇ. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಕರಗುವುದಿಲ್ಲ. ಲಿಪಾಯ್ಡ್ ನ್ಯುಮೋನಿಯಾ ಎಂಬ ಒಂದು ಬಗೆಯ ನ್ಯುಮೋನಿಯಾ ಬರುವುದೇ ಎಣ್ಣೆ ಒಳಗೆ ಹೋಗುವುದರಿಂದ. ನೀಲಗಿರಿ, ಕರ್ಪೂರದ ಘಾಟಿಗೆ ಸಣ್ಣ ಮಕ್ಕಳ ಉಸಿರಿನ ಕೊಳವೆ ಬಿಗಿಯುವುದೂ ಉಂಟು. ಸೊಪ್ಪಿನ ರಸದಲ್ಲಿ ನಾರು, ಸಕ್ಕರೆ, ಮಣ್ಣಿನ ರೋಗಾಣು ಎಲ್ಲ ಇರುತ್ತದೆ. ಅಡುಗೆ ಉಪ್ಪಿನ ನೀರೂ ಆಗದು. 0.9 ಶೇಕಡಾ ಸಲೈನ್ ಎಂದು ಸೀಲ್ ಮಾಡಿ ಬರುವ ಸಣ್ಣ ಪ್ಲಾಸ್ಟಿಕ್ ಟ್ಯೂಬ್‌ಗೆ ಹೆಚ್ಚು ಖರ್ಚಿಲ್ಲ. ಅದನ್ನೂ ಮಗುವಿನ ಡಾಕ್ಟರನ್ನು ಕೇಳಿಯೇ ಹಾಕಿ.

ಪ್ರಶ್ನೆ: ಚಿಕ್ಕಪ್ಪನ ಮಗ ದುಬೈಯಿಂದ ಬರುವಾಗ ಇ-ಸಿಗರೇಟ್ ತಂದುಕೊಟ್ಟ. ಸಿಗರೇಟ್ ಬಿಡಬೇಕು ಎಂದು ಅದನ್ನು ಎಳೆಯಲು ಶುರು ಮಾಡಿದೆ. ಎರಡೇ ವಾರಕ್ಕೆ ಸುಟ್ಟ ರುಚಿ. ಆಟೊಮೈಜರನ್ನು (ದ್ರವ ಕಾಯಿಸುವ ಭಾಗ) ಸ್ಪಿರಿಟ್‌ನಲ್ಲಿ ನೆನೆಸಿ ತೊಳೆದರೆ ಸರಿಯಾಗುತ್ತದಾ? ಹೊಸ ಕಾಯಿಲ್ ಹಾಕಿದರೆ ಪಳಗಿಸಬೇಕು ಎನ್ನುತ್ತಾರೆ, ಹೌದಾ? ಇದೂ ನೆಬ್ಯುಲೈಸರ್ ಹಾಗೆಯೇ ಅಲ್ವಾ? (ಕದ್ರಿಯ ಓದುಗರು)

ಉತ್ತರ: ಕೊನೆಯದ್ದನ್ನು ಮೊದಲು ಹೇಳುತ್ತೇನೆ. ಅಲ್ಲ. ನೆಬ್ಯುಲೈಸರ್ ಮದ್ದನ್ನು ಬಿಸಿ ಮಾಡದೆ ಪುಡಿ ಮಾಡುತ್ತದೆ. ಇ-ಸಿಗರೇಟು ಕಾಯಿಸುತ್ತದೆ. ಲೋಹದ ತಂತಿಯ ಸುರುಳಿ (ಅದೇ ಕಾಯಿಲ್), ಅದರ ಜೊತೆ ಹತ್ತಿ, ಹತ್ತಿಯಲ್ಲಿ ಪ್ರೊಪೈಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳ. ಬ್ಯಾಟರಿ ತಂತಿಯನ್ನು ಕಾಯಿಸಿದಾಗ ದ್ರವ ಆವಿಯಾಗುತ್ತದೆ. ಹತ್ತಿ ಒಣಗಿದ್ದಾಗ ಎಳೆದರೆ ಹತ್ತಿಯೇ ಸೀಯುತ್ತದೆ. ಸಿಹಿ ಪರಿಮಳದ ದ್ರವವಾದರೆ ತಂತಿಯ ಮೇಲೆ ಬೆಲ್ಲದ ಪಾಕ ಸೀದ ಹಾಗೆ ಕರಿ ಅಂಟು ಕೂರುತ್ತದೆ. ನಿಮ್ಮ ಸುಟ್ಟ ರುಚಿ ಇದೇ. ಹೊಸ ಕಾಯಿಲ್ ಪಳಗಿಸುವುದು ಎಂದರೆ ಹತ್ತಿಗೆ ದ್ರವ ಹಾಕಿ, ಅದು ಪೂರ್ತಿ ಹೀರುವವರೆಗೆ ಕಾಯುವುದು, ಬೇರೇನೂ ಅಲ್ಲ. ಅದರಿಂದ ಹತ್ತಿ ಉಳಿಯುತ್ತದೆ. ನಿಮ್ಮ ಶ್ವಾಸಕೋಶ ಉಳಿಯುತ್ತದೆ ಎಂದು ತಿಳಿಯಬೇಡಿ.

ತೊಳೆಯುವ ವಿಷಯ. ಸೀದ ಹತ್ತಿ ಯಾವ ಸ್ಪಿರಿಟ್‌ಗೂ ಮತ್ತೆ ಬೆಳ್ಳಗಾಗುವುದಿಲ್ಲ. ಸ್ಪಿರಿಟ್ ಹತ್ತಿಯಲ್ಲಿ ಉಳಿದಿರುವಾಗ ಬಟನ್ ಒತ್ತಿದರೆ ಬೆಂಕಿ ಹತ್ತಬಹುದು. ತಂತಿಯ ನಿಕಲ್, ಕ್ರೋಮಿಯಂ ಕೂಡ ಆವಿಯ ಜೊತೆ ಬರುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಗ್ಲಿಸರಿನ್ ಅತಿಯಾಗಿ ಕಾದರೆ ಅಕ್ರೋಲೀನ್ ಹುಟ್ಟುತ್ತದೆ, ಗಂಟಲು ಕೆರೆಯುವ ಘಾಟು ಅದರದ್ದೇ. ಹಾಗಾಗಿ ಸುಟ್ಟ ರುಚಿ ಬಂದಾಗ ಇನ್ನೊಂದು ದಮ್ ಎಳೆದು ನೋಡುವುದು ಬೇಡ. ಇದನ್ನು ತೊಳೆಯುವ ಒಳ್ಳೆಯ ಕ್ರಮ ನನ್ನ ಹತ್ತಿರ ಇಲ್ಲ, ನಿಜ ಹೇಳಬೇಕೆಂದರೆ ಹುಡುಕುವ ಮನಸ್ಸೂ ಇಲ್ಲ.

ಕಾನೂನು ಕೂಡ ಗೊತ್ತಿರಲಿ. ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು ಇ-ಸಿಗರೇಟನ್ನು ನಿಷೇಧಿಸಿತು, ಅದೇ ವರ್ಷ ಅದು ಕಾಯಿದೆಯಾಯಿತು. ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲದಕ್ಕೂ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದುಬೈಯಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ನಿಜ. ಬಜ್ಪೆಯಲ್ಲಿ ವಿಮಾನ ಇಳಿದ ಮೇಲೆ ಇಲ್ಲಿಯ ಕಾಯಿದೆ. ಮುಂದಿನ ಸಲ ಬರುವಾಗ ಖರ್ಜೂರ ತರಲು ಹೇಳಿ.

ಆದರೆ ಸಿಗರೇಟ್ ಬಿಡಬೇಕು ಎಂದಿರಲ್ಲ, ಆ ಮಾತನ್ನು ಹಿಡಿದುಕೊಳ್ಳೋಣ. ನಿಕೋಟಿನ್ ಗಮ್, ಪ್ಯಾಚ್ ಇದೆ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕಾಗುವವರಿಗೆ 4 ಎಂಜಿ ಗಮ್, ಉಳಿದವರಿಗೆ 2 ಎಂಜಿ. ಗಮ್ಮನ್ನು ವೀಳ್ಯದ ಹಾಗೆ ಜಗಿಯುತ್ತಾ ಕೂರಬೇಡಿ. ನಾಲ್ಕಾರು ಸಲ ನಿಧಾನ ಜಗಿದು, ಬಾಯಿ ಚುರುಚುರು ಎಂದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಬಿಡಿ. ಚುರುಚುರು ಹೋದ ಮೇಲೆ ಮತ್ತೆ ಜಗಿಯಿರಿ. ಗಮ್ ಬಾಯಲ್ಲಿ ಇರುವಾಗ ಕಾಫಿ ಕುಡಿಯಬೇಡಿ, ನಿಕೋಟಿನ್ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ವರೆನಿಕ್ಲಿನ್ ಎಂಬ ಮಾತ್ರೆಯೂ ಇದೆ, ಡಾಕ್ಟರು ಬರೆದುಕೊಡಬೇಕು. ತಂಬಾಕು ಬಿಡುವವರಿಗೆ ಸರಕಾರದ ಉಚಿತ ಸಹಾಯವಾಣಿ 1800-11-2356. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ದ್ರವದ ಬಾಟಲಿಯನ್ನು ಇವತ್ತೇ ಕೈಗೆ ಸಿಗದಲ್ಲಿ ಇಡಿ. ಸ್ವಲ್ಪ ನುಂಗಿದರೂ ನಿಕೋಟಿನ್ ವಿಷ. ಬ್ಯಾಟರಿಯನ್ನು ಹಸಿ ಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಪ್ರಶ್ನೆ: ಗಾಳಿ ಮಳೆಗೆ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಮಗನಿಗೆ ಆರು ವರ್ಷ, ಅಸ್ತಮಾ. ನೆಬ್ಯುಲೈಸರ್ ಓಡಿಸಲು ಇನ್ವರ್ಟರ್ ತಗೊಳ್ಳಬೇಕಾ? (ಹೆಬ್ರಿಯ ಓದುಗರು)

ಉತ್ತರ: ಮೊದಲು ಸ್ಪೇಸರ್ ತಗೊಳ್ಳಿ, ಇನ್ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಅದು, ಕರೆಂಟ್ ಬೇಡ. ಸಾಮಾನ್ಯ ಉಬ್ಬಸಕ್ಕೆ ಇನ್ಹೇಲರ್ ಮತ್ತು ಸ್ಪೇಸರ್, ನೆಬ್ಯುಲೈಸರ್‌ನಷ್ಟೇ ಕೆಲಸ ಮಾಡುತ್ತದೆ. ಇದು ಪರೀಕ್ಷಿಸಿ ಕಂಡುಕೊಂಡ ವಿಷಯ. ಹೊಸ ಪ್ಲಾಸ್ಟಿಕ್ ಸ್ಪೇಸರ್‌ನ ಒಳಗೆ ಸ್ಟ್ಯಾಟಿಕ್ ಚಾರ್ಜ್ (ಉಜ್ಜಿದಾಗ ಹುಟ್ಟುವ ವಿದ್ಯುತ್ತು) ಇರುತ್ತದೆ, ಮದ್ದು ಅದರ ಒಳಗೋಡೆಗೇ ಅಂಟುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯಿರಿ. ಒಳಗೆ ಬಟ್ಟೆಯಿಂದ ಒರೆಸಬೇಡಿ, ಉಜ್ಜಿದರೆ ಸ್ಟ್ಯಾಟಿಕ್ ಮತ್ತೆ ಬರುತ್ತದೆ. ಹಾಗೇ ನೀರಿಳಿಯಲಿ, ಬಾಯಿಗೆ ತಾಗುವ ಭಾಗ ಮಾತ್ರ ಒರೆಸಿ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು.

ಹೊಸ ಇನ್ಹೇಲರ್ ಆದರೆ, ಇಲ್ಲವೇ ಕೆಲವು ವಾರ ಬಳಸದೆ ಇಟ್ಟಿದ್ದರೆ, ಕುಲುಕಿ ಎರಡು ನಾಲ್ಕು ಪಫ್ ಗಾಳಿಗೆ ಬಿಡಿ, ಎಷ್ಟು ಎಂದು ಚೀಟಿಯಲ್ಲಿ ಇರುತ್ತದೆ. ಮದ್ದು ಉಳಿದಿದೆಯಾ ಎಂದು ಡಬ್ಬಿಯನ್ನು ನೀರಿಗೆ ಹಾಕಿ ತೇಲಿಸಿ ನೋಡುವ ಪದ್ಧತಿ ಸರಿಯಲ್ಲ, ಕೌಂಟರ್ ಇರುವುದನ್ನೇ ಕೊಳ್ಳಿ. ಒಂದು ಸಲಕ್ಕೆ ಒಂದೇ ಪಫ್, ಮಗ ಐದಾರು ಉಸಿರು ಎಳೆಯಲಿ, ಆಮೇಲೆ ಮತ್ತೆ ಕುಲುಕಿ ಇನ್ನೊಂದು. ಎಷ್ಟು ಪಫ್ ಎಂಬುದನ್ನು ಡಾಕ್ಟರ ಹತ್ತಿರ ಈಗಲೇ ಬರೆಸಿ ಗೋಡೆಗೆ ಅಂಟಿಸಿ, ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹುಡುಕುವ ಹಾಗಾಗಬಾರದು. ಮಾತಾಡಲು ಆಗದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುವುದು, ತುಟಿ ನೀಲಿ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಸ್ಪೇಸರ್‌ನಲ್ಲಿ ಪಫ್ ಕೊಡುತ್ತಾ ಇರಿ.