ಧರ್ಮಸ್ಥಳಕ್ಕೆ ಕಾಲ್ನಡಿಗೆ: ಬೊಬ್ಬೆಯ ಚಿಂತೆ

ಪ್ರಶ್ನೆ: ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ಆಸೆ. ಎರಡನೇ ದಿನಕ್ಕೇ ಪಾದದಲ್ಲಿ ಬೊಬ್ಬೆ ಏಳುತ್ತದಂತೆ. ಹೊಸ ಶೂ ಕೊಳ್ಳಲೇ?
– ಓದುಗರು, ರಾಜಾಜಿನಗರ

ಉತ್ತರ: ಕೊಳ್ಳಿ, ಆದರೆ ಈಗಲೇ. ಹೊರಡುವ ಮೊದಲು 80–100 ಕಿ.ಮೀ. ಆದರೂ ಅದರಲ್ಲೇ ನಡೆದಿರಬೇಕು. ಅಳತೆ ನೋಡುವುದು ಸಂಜೆ, ಪಾದ ತುಸು ಊದಿರುವಾಗ. ಹೆಬ್ಬೆರಳ ಮುಂದೆ ಬೆರಳಗಲ ಜಾಗ ಇರಲಿ.

ಬೊಬ್ಬೆ ಏಳುವುದು ಉಜ್ಜಾಟದಿಂದ; ತೇವ ಅದಕ್ಕೆ ತುಪ್ಪ ಸುರಿಯುತ್ತದೆ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟು ಚರ್ಮವನ್ನು ಮೆತ್ತಗೆ ಮಾಡುತ್ತದೆ. ಸಿಂಥೆಟಿಕ್ ಅಥವಾ ಉಣ್ಣೆಯದು ಮೇಲು. ಪಾದದಲ್ಲೆಲ್ಲಾದರೂ ಉರಿ ಅನ್ನಿಸಿದ ಕೂಡಲೇ ನಿಂತು, ಒರೆಸಿ, ಮೈಕ್ರೋಪೋರ್ ಟೇಪ್ (ಔಷಧಿ ಅಂಗಡಿಯಲ್ಲಿ ಸಿಗುವ ತೆಳು ಅಂಟುಪಟ್ಟಿ) ಅಂಟಿಸಿ. ‘ಮುಂದಿನ ಟೀ ಅಂಗಡಿಯಲ್ಲಿ ನೋಡೋಣ’ ಅಂದವರೇ ಕುಂಟುವುದು. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಹೊರಡಬೇಡಿ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗಿನ ಕಷ್ಟವೇ ಬೇರೆ. ಬೆರಳು ಶೂ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಉಗುರು ಮೊದಲೇ ಕತ್ತರಿಸಿ, ಕಣಕಾಲಿನ ಬಳಿ ಲೇಸು ಬಿಗಿದು, ಚಿಕ್ಕ ಹೆಜ್ಜೆ ಇಡಿ.

ಚೀಲ 5 ಕೆ.ಜಿ. ಮೀರದಿರಲಿ. ಲೀಟರ್ ನೀರಿನ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಬೇಡಿ. ನಸುಕಿನ 4ಕ್ಕೆ ಹೊರಟರೆ ಬಿಸಿಲೇರುವಷ್ಟರಲ್ಲಿ 20 ಕಿ.ಮೀ. ಆಗಿರುತ್ತದೆ; ಕತ್ತಲಲ್ಲಿ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ನಡೆಯಿರಿ, ಮೈಮೇಲೆ ಹೊಳೆಯುವ ಪಟ್ಟಿ ಇರಲಿ.