ಸರ್ಕಾರಿ ಯೋಜನೆ ಫಲ ಕೊಟ್ಟಿದೆಯೇ ಎಂದು ಅಳೆಯುವವರು ಯಾರು, ಹೇಗೆ?

ಜಲ ಜೀವನ್ ಮಿಷನ್ ಲೆಕ್ಕದಲ್ಲಿ ನಿಮ್ಮ ಊರಿನ ಎಲ್ಲ ಮನೆಗಳಿಗೂ ನಲ್ಲಿ ಬಂದಿದೆ, ನಿಮ್ಮ ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಹಾಗಾದರೆ ಸರ್ಕಾರ ಅಳೆಯುವುದಾದರೂ ಏನನ್ನು ಎಂದು ಕೇಳಿದ್ದೀರಿ. ಮೌಲ್ಯಮಾಪನ ಅಧ್ಯಯನಗಳಿಗಾಗಿ ಕೆಲವು ವರ್ಷ ಹಳ್ಳಿಗಳಲ್ಲಿ ಮನೆ ಮನೆ ಸುತ್ತಿ ಮಾಹಿತಿ ಸಂಗ್ರಹಿಸಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಇಲಾಖೆಗಳ ಕೆಲಸ ಎಲ್ಲಿಗೆ ಬಂತೆಂದು ಪರಿಶೀಲಿಸುವ ಕೆಡಿಪಿ ಸಭೆಯ ಪ್ರಗತಿ ವರದಿ ಕೈಗೆ ಸಿಕ್ಕರೆ ತೆರೆದು ನೋಡಿ. ಅದರಲ್ಲಿ ಮುಖ್ಯವಾಗಿ ಇರುವುದು ಭೌತಿಕ ಪ್ರಗತಿ ಮತ್ತು ಆರ್ಥಿಕ ಪ್ರಗತಿ. ಎಷ್ಟು ಕಾಮಗಾರಿ ಮುಗಿಯಿತು, ಎಷ್ಟು ಹಣ ಖರ್ಚಾಯಿತು, ಅಷ್ಟೇ. ಮಾರ್ಚ್ ಕೊನೆಯ ವಾರದಲ್ಲಿ ಬಿಲ್ಲುಗಳು ಓಡೋಡಿ ಪಾಸಾಗುವುದೂ ಈ ಎರಡು ಅಂಕಣಗಳನ್ನು ತುಂಬಿಸುವುದಕ್ಕಾಗಿಯೇ. ಹಾಗೆಂದು ನಿಯಮವೇ ಇಲ್ಲ ಎನ್ನಲಾಗದು. ತಲೆಗೆ ದಿನಕ್ಕೆ ಕನಿಷ್ಠ 55 ಲೀಟರ್, ಕುಡಿಯಲು ಯೋಗ್ಯವಾದ ನೀರು, ಅದೂ ನಿಯಮಿತವಾಗಿ ಬಂದರೆ ಮಾತ್ರ ಸಂಪರ್ಕ ‘ಕಾರ್ಯಾತ್ಮಕ’ ಎಂದು ಮಿಷನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ನಲ್ಲಿಯನ್ನು ಒಮ್ಮೆ ಎಣಿಸಿದರೆ ಸಾಕು. ನೀರನ್ನು ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗಲೂ ಹೋಗಿ ಅಳೆಯಬೇಕು. ಕಷ್ಟದ ಲೆಕ್ಕ ಬಿಟ್ಟುಹೋಗುವುದು ಇಲ್ಲಿಯೇ.

ಎಣಿಸುವವರು ಯಾರು ಎಂಬುದು ಇನ್ನೂ ದೊಡ್ಡ ಪ್ರಶ್ನೆ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚ ಮುಕ್ತವಾಗಿದೆ ಎಂದು ಘೋಷಣೆಯಾಯಿತು. ಮರು ತಿಂಗಳೇ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ವರದಿ ಹೊರಬಂತು: 2018ರ ಜುಲೈನಿಂದ ಡಿಸೆಂಬರ್‌ವರೆಗೆ ಕೇಳಿದಾಗ, ಶೌಚಾಲಯದ ಸೌಲಭ್ಯವಿದೆ ಎಂದ ಗ್ರಾಮೀಣ ಕುಟುಂಬಗಳು ಶೇ. 71ರಷ್ಟು. ಆ ಹೊತ್ತಿಗೆ ಶೌಚಾಲಯ ಕಟ್ಟಿಸುತ್ತಿದ್ದ ಸ್ವಚ್ಛ ಭಾರತ್ ಮಿಷನ್ನಿನ ಅಂಕಿ ಶೇ. 90 ದಾಟಿತ್ತು. ‘ಇಲ್ಲ’ ಎಂದರೆ ಮತ್ತೊಂದು ಸವಲತ್ತು ಸಿಗಬಹುದೆಂದು ಜನ ಹಾಗೆ ಹೇಳಿರಬಹುದು ಎಂಬ ಎಚ್ಚರಿಕೆಯೂ ಆ ವರದಿಯಲ್ಲೇ ಇತ್ತು. ಅದು ಸುಳ್ಳಲ್ಲ. ಕೈಯಲ್ಲಿ ಕಾಗದ ಹಿಡಿದು ಬಂದವನನ್ನು ಕಂಡರೆ ‘ಏನಾದರೂ ಕೊಡಿಸುತ್ತೀರಾ’ ಎಂದು ಕೇಳುವುದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಆದರೂ ಎರಡರಲ್ಲಿ ಒಂದನ್ನು ನಂಬಬೇಕೆಂದರೆ, ಗುರಿ ಮುಟ್ಟಿಸಬೇಕಾದ ಹೊಣೆ ಇಲ್ಲದವರು ಎಣಿಸಿದ ಲೆಕ್ಕವನ್ನೇ ನಾನು ನಂಬುವುದು.

ಇಷ್ಟು ಫಲದ ಮಾತಾಯಿತು. ಸರ್ಕಾರ ಯೋಜನೆಯನ್ನು ಎಷ್ಟು ಚೆನ್ನಾಗಿ ನಿಭಾಯಿಸುತ್ತಿದೆ ಎಂದು ಅಂಕ ಕೊಟ್ಟು ನೋಡಿದ ಪ್ರಯೋಗವೂ ಇದೆ. 2002ರಲ್ಲಿ ಅಮೆರಿಕದ ಬಜೆಟ್ ಕಚೇರಿ ಒಂದೊಂದು ಯೋಜನೆಗೂ ಸುಮಾರು 25 ಪ್ರಶ್ನೆಗಳನ್ನು ಹಾಕಿತು. ಉದ್ದೇಶ, ಮುನ್ನೋಟ, ನಿರ್ವಹಣೆ ಮೂರಕ್ಕೂ ಸೇರಿ ಅರ್ಧ ಅಂಕ, ಉಳಿದರ್ಧ ಫಲಿತಾಂಶಕ್ಕೆ. ಮೊದಲ ವರ್ಷ ಪರೀಕ್ಷಿಸಿದ 234 ಯೋಜನೆಗಳಲ್ಲಿ ಸುಮಾರು ಅರ್ಧಕ್ಕೆ ಸಿಕ್ಕಿದ್ದು ‘ಫಲಿತಾಂಶ ಸಾಬೀತಾಗಿಲ್ಲ’ ಎಂಬ ಷರಾ. ಅನುತ್ತೀರ್ಣ ಎಂದಲ್ಲ, ಹೇಳಲು ಬೇಕಾದ ಮಾಹಿತಿಯೇ ಇರಲಿಲ್ಲ! ನನಗೆ ಈ ಷರಾ ಬಹಳ ಇಷ್ಟ. ನಮ್ಮಲ್ಲಿ ಇಂಥ ಒಂದು ವರ್ಗವಿದ್ದರೆ ಎಷ್ಟು ಯೋಜನೆಗಳು ಅದರಲ್ಲಿ ಬೀಳುತ್ತಿದ್ದವೋ. ಅಲ್ಲಿಯೂ ಸಂಸದರು ಆ ಅಂಕಗಳಿಗೆ ಹೆಚ್ಚು ಬೆಲೆ ಕೊಡಲಿಲ್ಲ, ಒಬಾಮಾ ಆಡಳಿತ ಬಂದ ಮೇಲೆ ಅದು ನಿಂತೇಹೋಯಿತು.

ಭಾರತದಲ್ಲಿ 2005ರಲ್ಲೇ, ಹಣದ ಜೊತೆಗೆ ಅದರಿಂದ ಸಿಗಬೇಕಾದ ಫಲವನ್ನೂ ಬರೆದಿಡುವ ಫಲಿತಾಂಶ ಬಜೆಟ್ ಬಂತು. 2009ರಲ್ಲಿ ಕೇಂದ್ರದ ಇಲಾಖೆಗಳಿಗೆ ಅಂಕ ಕೊಡುವ ಪದ್ಧತಿಯೂ ಬಂತು; ಆದರೆ ಮುಟ್ಟಬೇಕಾದ ಗುರಿಗಳನ್ನು ಪ್ರಸ್ತಾಪಿಸುತ್ತಿದ್ದುದು ಆ ಇಲಾಖೆಗಳೇ. ನಮ್ಮ ರಾಜ್ಯದಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಅದರ ವರದಿಗಳನ್ನು ಜಾಲತಾಣದಲ್ಲಿ ಓದಬಹುದು. ಓದುವಾಗ ಶೇಕಡಾವಾರು ಅಂಕಿಗಳನ್ನು ದಾಟಿ ಶಿಫಾರಸುಗಳ ಪುಟಕ್ಕೆ ಹೋಗಿ, ಮುಂದಿನ ವರ್ಷದ ಆದೇಶದಲ್ಲಿ ಅವುಗಳಲ್ಲಿ ಒಂದಾದರೂ ಕಾಣುತ್ತದೆಯೇ ಹುಡುಕಿ. ವರದಿ ಕೆಟ್ಟದಾಗಿ ಬಂದಾಗ ಇಲಾಖೆ ಏನು ಬದಲಿಸಿತು ಎಂಬುದೇ ನಿರ್ವಹಣೆಗೆ ನಾನು ಹಿಡಿಯುವ ಅಳತೆಗೋಲು.

ನಿಮ್ಮ ಊರಿನ ಮಟ್ಟಿಗೆ ಹೇಳುವುದಾದರೆ, ಊರನ್ನು ‘ಹರ್ ಘರ್ ಜಲ್’ (ಪ್ರತಿ ಮನೆಗೂ ನೀರು) ಎಂದು ಪ್ರಮಾಣೀಕರಿಸಲು ಗ್ರಾಮಸಭೆಯ ನಿರ್ಣಯ ಬೇಕು. ಅಂಥ ನಿರ್ಣಯ ಆಗಿದ್ದರೆ ಅದರ ನಕಲನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯಿರಿ. ಆಗಿಲ್ಲದಿದ್ದರೆ ಮುಂದಿನ ಗ್ರಾಮಸಭೆಗೆ ನೀರುಗಂಟಿಯನ್ನೂ ಕರೆಸಿ, ಯಾವ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟರೆಂದು ನಡಾವಳಿಯಲ್ಲಿ ಬರೆಸಿ.