ಮನೆಯಿಂದ ಸಕ್ಕರೆ ಡಬ್ಬಿ ಹೊರಹಾಕಿದವರು

(ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದ ಆಕೆಗೆ 43 ವರ್ಷ. ಕುರ್ಚಿಯಲ್ಲಿ ಕೂತವರೇ ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ತಲೆ ಮೇಲಿನ ಗುಂಡಿ ಒತ್ತಿದರೆ ಒಂದೊಂದೇ ಬಿಳಿ ಮಾತ್ರೆ ಬೀಳುವಂಥದ್ದು. "ಎರಡು ವರ್ಷದಿಂದ ಟೀಗೆ ಇದನ್ನೇ ಹಾಕ್ತಿದ್ದೀನಿ. ದಿನಕ್ಕೆ ಆರು. ನನಗೆ ಕ್ಯಾನ್ಸರ್ ಬರುತ್ತಾ?" ಎಂದು ಕೇಳಿದರು.

ಹಿಂದಿನ ಕಥೆ ಹೀಗಿದೆ. ರಕ್ತಪರೀಕ್ಷೆಯಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ಹೇಳುವ ಎಚ್‌ಬಿಎ1ಸಿ 6.1 ಬಂದಿತ್ತು. ಅಂದರೆ ಡಯಾಬಿಟಿಸ್ ಅಲ್ಲ, ಅದರ ಹೊಸ್ತಿಲು. ಗಾಬರಿಯಲ್ಲಿ ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಎಸೆದು ಮಾತ್ರೆಗೆ ಬದಲಾಯಿಸಿದರು. ಆಮೇಲೆ, ಆ ಮಾತ್ರೆಯಲ್ಲಿರುವ ಕೃತಕ ಸಿಹಿಕಾರಕ ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರುತ್ತದೆ ಎಂಬ ಸುದ್ದಿ ಕಣ್ಣಿಗೆ ಬಿತ್ತು. ಅವತ್ತಿನಿಂದ ನಿದ್ದೆ ಇಲ್ಲ. ಗಂಡ "ಆ ಕೆಮಿಕಲ್ ಬಿಟ್ಟು ಸುಮ್ನೆ ಸಕ್ಕರೆ ತಿನ್ನು" ಎನ್ನುತ್ತಾರೆ. ಈಕೆ ಒಪ್ಪುವುದಿಲ್ಲ. ಪ್ರತಿ ಟೀ ಹೊತ್ತಿಗೂ ಜಗಳ.

"ಏನೂ ಆಗಲ್ಲ ಬಿಡಿ" ಎಂದು ನಾನು ಹೇಳಲಿಲ್ಲ. ಹೆದರಿದವರಿಗೆ ಆ ಮಾತು ಕಿವಿಗೇ ಬೀಳುವುದಿಲ್ಲ. ಒಂದು ಹಾಳೆ, ಪೆನ್ನು ಕೊಟ್ಟು ಲೆಕ್ಕ ಮಾಡಿಸಿದೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮ್ ಅನ್ನು '2ಬಿ' ಗುಂಪಿಗೆ ಸೇರಿಸಿದ್ದು ನಿಜ. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಆದರೆ ಸಾಕ್ಷ್ಯ ಸಾಲದು ಎಂದು ಅದರ ಅರ್ಥ. ಎಷ್ಟು ತಿಂದರೆ ಎಷ್ಟು ಅಪಾಯ ಎಂದು ಆ ಪಟ್ಟಿ ಹೇಳುವುದಿಲ್ಲ. ಅದನ್ನು ನೋಡುವ ಪರಿಣತರ ಸಮಿತಿಯೇ ಬೇರೆ. ಅದು ಅದೇ ದಿನ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. ಆಕೆಯ ತೂಕ 68 ಕಿಲೋ. ಗುಣಿಸಿದರೆ 2,720 ಮಿಲಿಗ್ರಾಂ. ಡಬ್ಬಿಯ ಮೇಲೆ ಒಂದು ಮಾತ್ರೆಗೆ 18 ಮಿಲಿಗ್ರಾಂ ಎಂದಿತ್ತು. ಆರು ಮಾತ್ರೆಗೆ 108. ಎರಡೂ ಸಂಖ್ಯೆಯನ್ನು ಅವರೇ ಅಕ್ಕಪಕ್ಕ ಬರೆದರು. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತರು.

ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನಂಬಬೇಡಿ ಎಂದಿತ್ತು. ಬಹಳ ಕಾಲ ಬಳಸಿದವರಲ್ಲಿ ಕೊಬ್ಬು ಕಡಿಮೆಯಾದದ್ದು ಕಂಡಿರಲಿಲ್ಲ. ಈಗಾಗಲೇ ಡಯಾಬಿಟಿಸ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಈಕೆಗೆ ಅನ್ವಯಿಸುತ್ತದೆ.

ಎರಡನೇ ಸಲ ಬರುವಾಗ ಮನೆಯಲ್ಲಿ 'ಶುಗರ್ ಫ್ರೀ' ಎಂದು ಇರುವುದನ್ನೆಲ್ಲ ತನ್ನಿ ಎಂದಿದ್ದೆ. ಗಂಡನೂ ಜೊತೆಗೆ ಬಂದರು. ಒಂದು ಚೀಲದ ತುಂಬ ಸಾಮಾನು! ಬಿಸ್ಕತ್ತಿನ ಪೊಟ್ಟಣದಲ್ಲಿ ಸಕ್ಕರೆ ಸೊನ್ನೆ. ಅದರ ಕೆಳಗಿನ ಸಾಲಿನಲ್ಲೇ ನೂರು ಗ್ರಾಂಗೆ ಕಾರ್ಬೋಹೈಡ್ರೇಟ್ 65 ಗ್ರಾಂ. ಮೈದಾ ರಕ್ತಕ್ಕೆ ಸೇರುವಾಗ ಗ್ಲೂಕೋಸ್ ಆಗಿಯೇ ಸೇರುತ್ತದೆ, ಅಲ್ವಾ? ಸಿಹಿಗೆ ಅದರಲ್ಲಿದ್ದದ್ದು ಮಾಲ್ಟಿಟಾಲ್. ಅದು ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಗ್ಲೂಕೋಸ್ ಅನ್ನು ಏರಿಸುತ್ತದೆ. ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಇದನ್ನು ಹೇಳಿದಾಗ ಆಕೆ ತಲೆ ತಗ್ಗಿಸಿದರು. ಎಷ್ಟೋ ತಿಂಗಳಿಂದ ಹೊಟ್ಟೆ ಉಬ್ಬರ, ಭೇದಿ. ಯಾರಿಗೂ ಹೇಳಿರಲಿಲ್ಲ. ಕ್ಯಾನ್ಸರ್ ಶುರುವಾಗಿದೆ ಎಂದೇ ಅಂದುಕೊಂಡಿದ್ದರಂತೆ. ಹೊಟ್ಟೆಯ ತೊಂದರೆಯನ್ನು ಡಾಕ್ಟರಿಗೆ ತಪ್ಪದೆ ತೋರಿಸಿ ಎಂದೆ. ಅಲ್ಲಿಯವರೆಗೆ ಬಿಸ್ಕತ್ತು ನಿಲ್ಲಿಸಿ ನೋಡಿ ಎಂದೆ.

ಚೀಲದ ತಳದಲ್ಲಿ ಹಣ್ಣಿನ ರಸದ ಅರ್ಧ ಲೀಟರ್ ಬಾಟಲಿ ಇತ್ತು. ದಿನಾ ಸಂಜೆ ಒಂದು. 'ಸಕ್ಕರೆ ಸೇರಿಸಿಲ್ಲ' ಎಂದು ದೊಡ್ಡದಾಗಿ ಬರೆದಿತ್ತು. ನೂರು ಮಿಲಿಲೀಟರ್‌ಗೆ ಹಣ್ಣಿನದೇ ಸಕ್ಕರೆ 10 ಗ್ರಾಂ. ಖಾಲಿ ಲೋಟಕ್ಕೆ ಸಕ್ಕರೆ ಅಳೆದು ಹಾಕಲು ಗಂಡನಿಗೆ ಹೇಳಿದೆ. ಚಮಚಕ್ಕೆ 4 ಗ್ರಾಂನಂತೆ ಹನ್ನೆರಡೂವರೆ ಚಮಚ. ಏಳನೆಯದಕ್ಕೇ ಅವರ ಕೈ ನಿಂತಿತು. ರಸದಲ್ಲಿರುವ ಸಕ್ಕರೆ, ಜೇನು, ಟೀಗೆ ಹಾಕುವ ಸಕ್ಕರೆ, ಕಾರ್ನ್ ಸಿರಪ್ (ಮೆಕ್ಕೆಜೋಳದಿಂದ ಮಾಡುವ ಸಿಹಿ ಪಾಕ), ಎಲ್ಲ ಒಂದೇ ಲೆಕ್ಕಕ್ಕೆ ಬರುತ್ತವೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು.

ಗಂಡನ ಸಿಟ್ಟೆಲ್ಲ ಕಾರ್ನ್ ಸಿರಪ್ ಮೇಲಿತ್ತು. ಸಾಸ್ ಬಾಟಲಿಯ ಹಿಂದಿನ ಅಕ್ಷರ ಓದಿ ಓದಿ ಬೇಸತ್ತಿದ್ದರು. ಅವರಿಗೆ ಹೇಳಿದ್ದು ಇಷ್ಟು: ಸಕ್ಕರೆ ಕರುಳಿನಲ್ಲಿ ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ತಂಪು ಪಾನೀಯಗಳಿಗೆ ಹಾಕುವ ಕಾರ್ನ್ ಸಿರಪ್‌ನಲ್ಲಿ ಫ್ರಕ್ಟೋಸ್ ನೂರಕ್ಕೆ ಸುಮಾರು 55 ಭಾಗ. ನಿಮ್ಮ ಲಿವರ್‌ಗೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಎಷ್ಟು ಚಮಚ ಎಂದು ಕೇಳಿ, ಯಾವುದರಿಂದ ಬಂತು ಎಂದಲ್ಲ.

ಕೊಟ್ಟ ಸಲಹೆ ಸರಳ. ಸಂಜೆಯ ರಸ ಬಿಟ್ಟು ಇಡೀ ಹಣ್ಣು ತಿನ್ನಿ. ಆರು ಟೀ ನಾಲ್ಕಾಗಲಿ. ವಾರಕ್ಕೊಂದು ಟೀ ಮಾತ್ರೆಯಿಲ್ಲದೆ ಕುಡಿದು ಅಭ್ಯಾಸ ಮಾಡಿ. ನಾಲಿಗೆಗೆ ಕಡಿಮೆ ಸಿಹಿ ರೂಢಿಯಾಗಲು ಕೆಲವು ವಾರ ಬೇಕು. ಒಂದು ದಿನ ತಪ್ಪಿದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಟೀ ಹೊತ್ತಿನಲ್ಲಿ ಈ ವಿಷಯದ ಮಾತೇ ಬೇಡ ಎಂದು ಇಬ್ಬರಿಂದಲೂ ಒಪ್ಪಿಗೆ ತೆಗೆದುಕೊಂಡೆ.

ಹೊರಡುವ ಹೊತ್ತಿಗೆ ಆಕೆ ಸಹಜವಾಗಿ ಒಂದು ಮಾತು ಹೇಳಿದರು. "ಅಮ್ಮನಿಗೂ ಮಾತ್ರೆಯೇ ಕೊಡ್ತೀವಿ. ಅವರು ಇನ್ಸುಲಿನ್ ತಗೋತಾರೆ." ನನ್ನ ಎದೆ ಧಸಕ್ ಎಂದಿತು. ಅವರಿಬ್ಬರನ್ನೂ ಮತ್ತೆ ಕೂರಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರ ಗ್ಲೂಕೋಸ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಮಂಕು. ಆಗ ಸಿಹಿ ಮಾತ್ರೆಯಾಗಲಿ, ಡಯಟ್ ಪಾನೀಯವಾಗಲಿ ಉಪಯೋಗಕ್ಕೆ ಬರುವುದಿಲ್ಲ. ನಾಲಿಗೆಗೆ ಸಿಹಿ ತಗಲುತ್ತದೆ, ರಕ್ತಕ್ಕೆ ಏನೂ ಸೇರುವುದಿಲ್ಲ. ಆಗ ಬೇಕಾದದ್ದು ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್, ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಇವತ್ತೇ ಮನೆಗೆ ಸಕ್ಕರೆ ತನ್ನಿ ಎಂದೆ. ಎರಡು ವರ್ಷ ಆ ಮನೆಯಲ್ಲಿ ಒಂದು ಚಮಚ ಸಕ್ಕರೆಯೂ ಇರಲಿಲ್ಲ.

ಆರು ವಾರದ ನಂತರ ಬಂದಾಗ ಆಕೆ ದಿನಕ್ಕೆ ಎರಡು ಮಾತ್ರೆಗೆ ಇಳಿದಿದ್ದರು. ಹೊಟ್ಟೆಯ ತೊಂದರೆ ನಿಂತಿತ್ತು, ಡಾಕ್ಟರ್ ಪರೀಕ್ಷೆಯಲ್ಲೂ ಬೇರೇನೂ ಕಂಡಿರಲಿಲ್ಲ. ಮುಂದಿನ ಎಚ್‌ಬಿಎ1ಸಿ ಇನ್ನೂ ಬಾಕಿ ಇದೆ. ಫೋನ್ ತೆಗೆದು ಒಂದು ಫೋಟೋ ತೋರಿಸಿದರು: ಅಮ್ಮನ ತಲೆದಿಂಬಿನ ಪಕ್ಕ ಒಂದು ಗಾಜಿನ ಡಬ್ಬಿ, ಅದರ ತುಂಬ ಸಕ್ಕರೆ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಚಮಚ.